‘ನಿನಗೇನು ಕಡಿಮೆ ಮಾಡಿದ್ದೀವಿ?’ ಎಂದು ಕೇಳಬೇಡಿ

ಮನೋವೈದ್ಯರ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಹುಡುಗ ಹುಡುಗಿಯರವು, ಉಳಿದವು ಅವರ ಮನೆಯವರವು. ಎಲ್ಲದರಲ್ಲೂ ಒಂದು ಮಾತು ಹೇಗೋ ನುಸುಳಿದೆ: ‘ಎಲ್ಲ ಇದ್ದೂ ಯಾಕೆ ಹೀಗೆ?’ ಇದಕ್ಕೆ ಉತ್ತರ ಸಿಗುವವರೆಗೂ ಚಿಕಿತ್ಸೆಯನ್ನು ಮುಂದೂಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹಾಗಾಗಿ ಆ ಮಾತನ್ನೇ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಮೇಡಂ, ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಊರು ರಾಣೆಬೆನ್ನೂರು ಕಡೆ. ಪಿಯುಸಿವರೆಗೆ ಕ್ಲಾಸಿಗೆ ಮೊದಲಿಗನಾಗಿದ್ದವನು ಈಗ ಪಿಜಿಯ ಮಂಚ ಬಿಟ್ಟು ಏಳಲಾರೆ. ರಾತ್ರಿ ನಾಲ್ಕರವರೆಗೆ ಮೊಬೈಲ್, ಮಧ್ಯಾಹ್ನದವರೆಗೆ ನಿದ್ದೆ. ಸ್ನಾನವೂ ಬೇಡವೆನಿಸುತ್ತದೆ. ಅಟೆಂಡೆನ್ಸ್ ಶಾರ್ಟೇಜ್ ಆಗಿದೆ, ಎರಡು ಬ್ಯಾಕ್‌ಲಾಗ್ ಇವೆ. ಕ್ರಿಕೆಟ್ ಅಂದರೆ ಪ್ರಾಣ ಬಿಡುತ್ತಿದ್ದೆ, ಈಗ ಗೆಳೆಯರು ಕರೆದರೆ ಫೋನ್ ಎತ್ತುವುದಿಲ್ಲ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದ್ದಾರೆ. ‘ನಿನಗೇನ್ ಕಡಿಮಿ ಮಾಡೇವಪಾ?’ ಅಂತ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮೂರು ತಿಂಗಳಾಯಿತು. ಇದು ಕಾಯಿಲೆಯೋ, ಸೋಮಾರಿತನವೋ?

ಸೋಮಾರಿಗೆ ಓದು ಬೇಡವಾಗುತ್ತದೆ, ಕ್ರಿಕೆಟ್ ಬೇಡವಾಗುವುದಿಲ್ಲ. ಕ್ಲಾಸು ತಪ್ಪಿಸಿದ ದಿನ ಅವನು ಸುಖವಾಗಿರುತ್ತಾನೆ, ಸಂಜೆ ಹರಟೆಗೆ ಎಲ್ಲರಿಗಿಂತ ಮುಂದಿರುತ್ತಾನೆ. ನಿಮಗೆ ಇಷ್ಟವಾದದ್ದೂ ರುಚಿ ಕಳೆದುಕೊಂಡಿದೆ. ಅದರ ಮೇಲೆ ಅಪ್ಪನ ಮೆಕ್ಕೆಜೋಳದ ಲೆಕ್ಕ ಹಿಡಿದು ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಿ. ಪತ್ರ ಓದಿ ರೋಗಕ್ಕೆ ಹೆಸರಿಡುವುದು ಸರಿಯಲ್ಲ, ಆದರೂ ವೈದ್ಯರನ್ನು ನೋಡಲೇಬೇಕಾದ ಸ್ಥಿತಿ ಇದು ಎನ್ನಲು ಈ ಪತ್ರ ಸಾಕು.

ನಾವು ನೋಡುವುದು ಒಂಬತ್ತು ಲಕ್ಷಣಗಳನ್ನು. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಇರಲೇಬೇಕು. ಜೊತೆಗೆ ನಿದ್ದೆ ಹೆಚ್ಚುಕಮ್ಮಿಯಾಗುವುದು, ಹಸಿವು ಇಲ್ಲವೇ ತೂಕದಲ್ಲಿ ಏರುಪೇರು, ಸುಸ್ತು, ಓದಿದ್ದು ತಲೆಗೆ ಹತ್ತದಿರುವುದು, ‘ನಾನು ದಂಡಪಿಂಡ’ ಎನ್ನುವ ಅಪರಾಧಿ ಭಾವ, ಮೈಮಾತು ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾವಿನ ಯೋಚನೆ. ಇವುಗಳಲ್ಲಿ ಐದು, ಎರಡು ವಾರ ಬಿಡದೆ ಇದ್ದು, ದಿನದ ಕೆಲಸಕ್ಕೆ ಅಡ್ಡಿಯಾದರೆ ಅದು ಖಿನ್ನತೆ. ನೀವು ಮೂರು ತಿಂಗಳು ಕಾದಿದ್ದೀರಿ.

ಇನ್ನು ಅಪ್ಪನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಕೂರಬೇಡಿ. ಡೆಂಗಿ ಬಂದವರು ಯಾವ ಸೊಳ್ಳೆ, ಯಾವ ಓಣಿಯಲ್ಲಿ ಕಚ್ಚಿತು ಎಂದು ನೆನಪಿಸಿಕೊಂಡ ಮೇಲೆ ಆಸ್ಪತ್ರೆಗೆ ಹೋಗುತ್ತಾರೆಯೇ? ಮನೆತನದಲ್ಲಿ ಬರುವ ಒಲವು, ನಿದ್ದೆ ಕೆಟ್ಟದ್ದು, ಊರು ಬಿಟ್ಟ ಒಂಟಿತನ, ತಾಲೂಕಿನಲ್ಲಿ ಮೊದಲಿಗನಾಗಿದ್ದವನು ಇಲ್ಲಿ ನೂರರಲ್ಲಿ ಒಬ್ಬನಾದದ್ದು, ಪಿಯುಸಿಯಲ್ಲಿ ಕನ್ನಡದಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದ ಪಾಠ ಈಗ ಪೂರ್ತಿ ಇಂಗ್ಲಿಷಿನಲ್ಲಿ ಓಡುವುದು, ಎಲ್ಲವೂ ಸೇರಿರಬಹುದು. ಏನೂ ಕಾಣಿಸದೆಯೂ ಖಿನ್ನತೆ ಬರುತ್ತದೆ. ಕಾರಣ ಸಿಗಲಿಲ್ಲ ಎಂದು ಕಾಯಿಲೆ ಸುಳ್ಳಾಗುವುದಿಲ್ಲ.

ಬೆಂಗಳೂರಿನಲ್ಲಿಯೇ ಇದ್ದೀರಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಯಾರ ಚೀಟಿಯೂ ಇಲ್ಲದೆ ಹೋಗಬಹುದು. ಜನಜಂಗುಳಿ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ, ಒಂದಿಡೀ ದಿನ ಅದಕ್ಕೇ ಎಂದು ಬಿಟ್ಟುಕೊಡಿ. ಊರಿಗೆ ಹೋಗುವುದಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ರಕ್ತ ಪರೀಕ್ಷೆ ಬರೆದುಕೊಟ್ಟರೆ ತಳ್ಳಿಹಾಕಬೇಡಿ. ಥೈರಾಯ್ಡ್ ಕಮ್ಮಿಯಾದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆಯಾದರೂ ಇದೇ ತರಹ ಸುಸ್ತು ಬರುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತುಂಬಾ ಕಾಣುತ್ತೇವೆ.

ಅಲ್ಲಿಯವರೆಗೆ ಒಂದೇ ಒಂದು ಕೆಲಸ. ಮೂಡ್ ಬಂದ ಮೇಲೆ ಏಳುತ್ತೇನೆ ಎಂದುಕೊಂಡಿದ್ದೀರಲ್ಲ, ಖಿನ್ನತೆಯಲ್ಲಿ ಅದು ಉಲ್ಟಾ: ಮೊದಲು ಏಳಬೇಕು, ಮೂಡ್ ಆಮೇಲೆ, ಅದೂ ನಿಧಾನವಾಗಿ. ನಾಳೆ ಎಂಟೂವರೆಗೆ ಎದ್ದು, ಹಲ್ಲುಜ್ಜಿ, ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಅಂಗಡಿಯಲ್ಲಿ ಒಂದು ಟೀ ಕುಡಿದು ಬನ್ನಿ. ಅಷ್ಟೇ. ಓದಬೇಡಿ, ಕಾಲೇಜಿಗೂ ಹೋಗಬೇಡಿ. ನಾಡಿದ್ದು ಅದೇ. ಮೂರನೇ ದಿನ ಟೀ ಆದ ಮೇಲೆ ಸ್ನಾನ ಸೇರಿಸಿ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮಾಡಿದ್ದನ್ನು ಬರೆದು, ಮಾಡುವ ಮುಂಚೆ ಎಷ್ಟು ಬೇಸರವಿತ್ತು, ಆಮೇಲೆ ಎಷ್ಟು ಎಂದು ಹತ್ತಕ್ಕೆ ಅಂಕ ಹಾಕಿಕೊಳ್ಳಿ. ಇದು ನಾನು ಕಟ್ಟಿದ ಬುದ್ಧಿಮಾತಲ್ಲ. ಆರೋನ್ ಬೆಕ್ ಎಂಬ ಅಮೆರಿಕದ ಮನೋವೈದ್ಯ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದಲ್ಲೂ ಹೀಗೆ ಚಟುವಟಿಕೆ ಬರೆದಿಡಿಸುವ ಅಭ್ಯಾಸವಿದೆ, ಇವತ್ತಿಗೂ ನಾವು ಬಳಸುತ್ತೇವೆ. ಕೇಳಲು ಎಳಸು ಅನ್ನಿಸುತ್ತದೆ, ಹಾಸಿಗೆ ಹಿಡಿದವರಿಗೆ ಎಳಸಲ್ಲ.

ಅಪ್ಪನಿಗೆ ‘ಡಿಪ್ರೆಷನ್’ ಎಂದು ಶುರು ಮಾಡಬೇಡಿ, ಗಾಬರಿಯಾಗುತ್ತಾರೆ. ‘ಅಪ್ಪಾ, ಮೂರು ತಿಂಗಳಿಂದ ನಿದ್ದೆ ಸರಿ ಇಲ್ಲ, ಮೈಯಲ್ಲಿ ತ್ರಾಣ ಇಲ್ಲ, ಓದಿದ್ದು ನೆನಪಿರ್ತಾ ಇಲ್ಲ. ಡಾಕ್ಟರ್ ಹತ್ರ ಹೋಗ್ತಿದ್ದೀನಿ, ಜೊತೆಗೆ ಬಾ’ ಅನ್ನಿ. ಪ್ರತಿ ಮಾತೂ ನಿಜ. ಉಳಿದದ್ದನ್ನು ವೈದ್ಯರೇ ಅವರಿಗೆ ಹೇಳಲಿ. ಬ್ಯಾಕ್‌ಲಾಗ್ ಮುಂದಿನ ಸೆಮಿಸ್ಟರಿನಲ್ಲಿ ತೀರುತ್ತದೆ. ಹಾಜರಾತಿಗೆ ವೈದ್ಯಕೀಯ ಕಾರಣದ ರಿಯಾಯಿತಿ ಇರುತ್ತದೆ, ಸರ್ಟಿಫಿಕೇಟ್ ಹಿಡಿದು ಎಚ್‌ಒಡಿಯನ್ನು ಪರೀಕ್ಷೆಗೆ ಮೊದಲೇ ನೋಡಿ. ಹಾಲ್ ಟಿಕೆಟ್ ನಿಂತ ಮೇಲೆ ಹೋದರೆ ಅವರ ಕೈಯೂ ಕಟ್ಟಿರುತ್ತದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ದೀಪಾವಳಿಗೆ ಬಂದವಳು ವಾಪಸ್ ಹೋಗಲಿಲ್ಲ, ಸುಮ್ಮನೆ ಅಳುತ್ತಾಳೆ. ಡಾಕ್ಟರು ಎಸ್ಸಿಟಾಲೋಪ್ರಾಮ್ ಮಾತ್ರೆ ಬರೆದಿದ್ದಾರೆ. ಹತ್ತು ದಿನವಾಯಿತು, ವಾಕರಿಕೆ ಬಿಟ್ಟರೆ ಗುಣ ಏನೂ ಕಾಣಲಿಲ್ಲ. ‘ಈ ಗುಳಿಗೆ ಒಮ್ಮೆ ಹಿಡಿದರೆ ಜನ್ಮ ಪೂರ್ತಿ, ನಾಳೆ ಮದುವೆಗೆ ಏನು ಹೇಳ್ತೀರಿ?’ ಎಂದು ಅತ್ತೆಯವರು ಬೈಯುತ್ತಾರೆ. ಮಾರಿಕಾಂಬೆಗೆ ಹರಕೆ ಹೊತ್ತಿದ್ದೇನೆ. ಮಾತ್ರೆ ನಿಲ್ಲಿಸಲೇ?

ನಿಲ್ಲಿಸಬೇಡಿ. ಹರಕೆ ಇರಲಿ, ಮಾತ್ರೆಯೂ ಇರಲಿ. ಒಂದಕ್ಕೊಂದು ಜಗಳವಿಲ್ಲ.

ಈ ಮಾತ್ರೆಯ ಸ್ವಭಾವವೇ ಹಾಗೆ. ತೊಂದರೆ ಮೊದಲ ವಾರ, ಗುಣ ಮೂರನೆಯ ವಾರ. ವಾಕರಿಕೆ, ಸ್ವಲ್ಪ ಹೊಟ್ಟೆ ಕೆಡುವುದು, ತಲೆನೋವು, ನಿದ್ದೆ ಆಚೀಚೆ ಆಗುವುದು, ಇವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಊಟವಾದ ಮೇಲೆ ಕೊಟ್ಟು ನೋಡಿ. ಗುಣ ತೋರಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲಕ್ಕೆ ಆರೆಂಟು ವಾರ ಬೇಕು. ಮೊದಲು ಸುಧಾರಿಸುವುದು ನಿದ್ದೆ, ಹಸಿವು. ಮನಸ್ಸಿನ ಭಾರ ಇಳಿಯುವುದು ಕೊನೆಗೆ. ಹಾಗಾಗಿ ಮಗಳು ‘ಏನೂ ಆಗಿಲ್ಲ’ ಎನ್ನುತ್ತಿರುವಾಗಲೇ ತಟ್ಟೆಯಲ್ಲಿ ಎರಡನೇ ದೋಸೆ ಖಾಲಿಯಾಗಿರುವುದು ನಿಮಗೆ ಕಂಡೀತು. ಅದನ್ನು ಮುಂದಿನ ಸಲ ಡಾಕ್ಟರಿಗೆ ಹೇಳಿ, ಅವರಿಗೆ ಬೇಕಾದ ಸುದ್ದಿ ಅದೇ.

ಒಂದು ವಿಷಯದಲ್ಲಿ ಮಾತ್ರ ಕಣ್ಣಿಡಬೇಕು. ಇಪ್ಪತ್ತೈದರ ಒಳಗಿನವರಲ್ಲಿ ಕೆಲವರಿಗೆ ಈ ಬಗೆಯ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟು, 2007ರಲ್ಲಿ ಅದನ್ನು ಇಪ್ಪತ್ನಾಲ್ಕು ವರ್ಷದವರೆಗೆ ವಿಸ್ತರಿಸಿತು. ಇದನ್ನು ಓದಿ ಹೆದರಿ ಮಾತ್ರೆ ಬಿಡಿಸಬೇಡಿ. ಬಿಡಿಸಿದರೆ ಅಪಾಯ ಹೆಚ್ಚು. ಮೊದಲ ತಿಂಗಳು ಮಗಳು ರಾತ್ರಿ ಒಬ್ಬಳೇ ಇರದಂತೆ ನೋಡಿಕೊಳ್ಳಿ, ಮಾತ್ರೆಯ ಪಟ್ಟಿ ನಿಮ್ಮ ಬೀರುವಿನಲ್ಲಿರಲಿ, ದಿನಕ್ಕೊಂದು ನೀವೇ ಕೊಡಿ. ಅಡಿಕೆ ತೋಟದ ಮನೆಯಾದರೆ ಗಿಡಕ್ಕೆ ಹೊಡೆಯುವ ಔಷಧವನ್ನು ಬೀಗ ಹಾಕಿದ ಕೋಣೆಗೆ ಸಾಗಿಸಿ. ಇದನ್ನು ಹೇಳಲು ನನಗೂ ಕಷ್ಟ, ಆದರೂ ಪ್ರತಿ ಮನೆಯವರಿಗೂ ಹೇಳುತ್ತೇನೆ. ತಡರಾತ್ರಿಯವರೆಗೆ ನಿದ್ದೆಯೇ ಇಲ್ಲದೆ ಅತಿಯಾದ ಉತ್ಸಾಹ, ದುಡ್ಡು ಚೆಲ್ಲುವುದು, ಮಾತಿನ ಪ್ರವಾಹ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ. ಹಿಂದೆ ಯಾವಾಗಲಾದರೂ ಹಾಗಿದ್ದಳೇ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂಬುದನ್ನೂ ಮುಚ್ಚಿಡಬೇಡಿ. ಅಂಥವರಿಗೆ ಕೊಡುವ ಔಷಧವೇ ಬೇರೆ.

ಜನ್ಮ ಪೂರ್ತಿ ಎಂಬ ಮಾತು ಬಂದದ್ದು ಬೇರೆ ಮಾತ್ರೆಗಳಿಂದ. ನಿದ್ದೆಗೂ ಗಾಬರಿಗೂ ಕೊಡುವ ಆಲ್ಪ್ರಾಜೊಲಾಂ ಜಾತಿಯವು ವಾರಗಟ್ಟಲೆ ನುಂಗಿದರೆ ಅಭ್ಯಾಸವಾಗುತ್ತವೆ, ಎಸ್ಸಿಟಾಲೋಪ್ರಾಮ್ ಆ ಜಾತಿಯದಲ್ಲ. ಚಟವಾಗುವುದಿಲ್ಲ. ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಮೈಯಲ್ಲಿ ಜುಮ್ಮೆನ್ನುವುದು, ಕಿರಿಕಿರಿ ಶುರುವಾಗುತ್ತದೆ, ಆದ್ದರಿಂದ ಇಳಿಸುತ್ತಾ ಬಿಡಬೇಕು. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ನಿಲ್ಲಿಸುವುದು ರೂಢಿ. ಎಲ್ಲರೂ ಎಡವುವುದು ಇಲ್ಲಿಯೇ. ಎರಡು ತಿಂಗಳಿಗೆ ಹುಡುಗಿ ನಗತೊಡಗುತ್ತಾಳೆ, ‘ಇನ್ನೇನು, ಸಾಕು’ ಎಂದು ಮನೆಯವರು ಬಿಡಿಸುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಅದೇ ಅಳು. ಮಗಳಿಗೆ ಯಾವುದಾದರೂ ಕಷಾಯ, ಚೂರ್ಣ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ.

ಅತ್ತೆಯವರ ಮದುವೆಯ ಚಿಂತೆಗೆ ನಾನು ವೈದ್ಯೆಯಾಗಿ ಉತ್ತರ ಕೊಡಲಾರೆ. ಹುಡುಗಿ ಮೊದಲು ಡಿಗ್ರಿ ಮುಗಿಸಲಿ. ಧಾರವಾಡಕ್ಕೆ ಮರಳಿದ ಮೇಲೆ ಅಲ್ಲಿನ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಮುಂದುವರಿಸಬಹುದು, ಶಿರಸಿಗೆ ಓಡಾಡಬೇಕಾಗಿಲ್ಲ.

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕೆಲವು ದಿನಗಳಿಂದ ‘ನಾನು ಇಲ್ಲದಿದ್ದರೆ ಎಲ್ಲರಿಗೂ ಆರಾಮ’ ಅನ್ನುತ್ತಾಳೆ. ಮೊನ್ನೆ ತನ್ನ ಒಳ್ಳೆಯ ಚೂಡಿದಾರ್‌ಗಳನ್ನು ನನಗೂ ಪಕ್ಕದ ರೂಮಿನವಳಿಗೂ ಹಂಚಿಬಿಟ್ಟಳು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗುತ್ತದೇನೋ ಎಂದು ಭಯ.

ಆಣೆ ಮುರಿಯಿರಿ. ಇವತ್ತೇ. ಅವಳು ನಿಮ್ಮ ಮೇಲೆ ಸಿಟ್ಟಾಗಬಹುದು, ಆಗಲಿ. ಸಿಟ್ಟು ಮಾಡಿಕೊಳ್ಳಲು ಅವಳು ಇರಬೇಕಲ್ಲ.

ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳುವವರು ಸಿಕ್ಕರೆಂದು ಹೆಚ್ಚಿನವರಿಗೆ ಉಸಿರು ಬಂದಂತಾಗುತ್ತದೆ. ಸುತ್ತಿಬಳಸದೆ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ? ಹೇಗೆ, ಯಾವಾಗ ಅಂತ ಏನಾದರೂ ಯೋಚನೆ ಮಾಡಿದ್ದೀಯಾ?’ ಎರಡನೇ ಪ್ರಶ್ನೆಗೆ ಹೌದು ಎಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೂ, ಅವಳನ್ನು ಒಂಟಿಯಾಗಿ ಬಿಡಬೇಡಿ. ಪ್ರಿಯವಾದ ವಸ್ತುಗಳನ್ನು ಹಂಚುವುದನ್ನು ನಾವು ಗಂಭೀರ ಸೂಚನೆ ಎಂದೇ ಎಣಿಸುತ್ತೇವೆ. ಒಬ್ಬರು ಅವಳ ಪಕ್ಕದಲ್ಲಿ ಕೂರಿ, ಇನ್ನೊಬ್ಬರು ವಾರ್ಡನ್ ಬಳಿ ಹೋಗಿ, ಅವಳ ಮನೆಯವರಲ್ಲಿ ಅವಳಿಗೆ ಹತ್ತಿರವಾದವರು ಯಾರೋ ಅವರಿಗೆ ಫೋನ್ ಹೋಗಲಿ. ಅದು ಅಪ್ಪ ಅಮ್ಮನೇ ಆಗಬೇಕಿಲ್ಲ, ಅಕ್ಕ ಆಗಬಹುದು, ಸೋದರಮಾವ ಆಗಬಹುದು.

14416 ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಭಾಷೆ ಆರಿಸಿಕೊಂಡರೆ ಕನ್ನಡದಲ್ಲಿಯೇ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ತಜ್ಞರಿಗೆ ಜೋಡಿಸುತ್ತಾರೆ. ಅವಳೇ ಮಾಡಬೇಕೆಂದಿಲ್ಲ, ‘ನನ್ನ ಗೆಳತಿ ಹೀಗಿದ್ದಾಳೆ, ನಾನೇನು ಮಾಡಲಿ’ ಎಂದು ನೀವೂ ಕೇಳಬಹುದು. ಆದರೆ ಅಪಾಯ ಕಣ್ಣೆದುರಿಗೇ ಇದೆ ಅನ್ನಿಸಿದರೆ ಫೋನಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಪೊಲೀಸ್ ಕೇಸಾಗುತ್ತದೆ ಎಂದು ಹಾಸ್ಟೆಲಿನವರು ಹಿಂಜರಿಯುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಇನ್ನೊಂದು ಮಾತು: ಅವಳನ್ನು ದೊಡ್ಡವರ ಕೈಗೆ ಒಪ್ಪಿಸಿದ ಮೇಲೆ ನೀವು ಮಲಗಿ ನಿದ್ದೆ ಮಾಡಿ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಇನ್ನೊಬ್ಬಳ ಜೀವಕ್ಕೆ ರಾತ್ರಿಯಿಡೀ ಕಾವಲು ಕೂರಬೇಕಾದದ್ದಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅಧ್ಯಾಪಕ. ನಮ್ಮಲ್ಲಿ ಕೌನ್ಸೆಲರ್ ಇಲ್ಲ. ಮೆಂಟರ್ ಎಂದು ನನ್ನ ಪಾಲಿಗೆ ನಲವತ್ತು ಮಕ್ಕಳನ್ನು ಹಂಚಿದ್ದಾರೆ, ಫಾರ್ಮ್ ತುಂಬಿಸುವುದೇ ಕೆಲಸವಾಗಿದೆ. ನಾನು ಕನ್ನಡ ಮೇಷ್ಟ್ರು, ಮನಶ್ಶಾಸ್ತ್ರ ಓದಿದವನಲ್ಲ. ನನ್ನಿಂದ ಏನಾದೀತು?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅಷ್ಟು ಮಕ್ಕಳನ್ನು ಕಾಯಲು ಬೇಕಾದಷ್ಟು ಮನೋವೈದ್ಯರು ಈ ದೇಶದಲ್ಲಿಲ್ಲ. ಹಾಗಾಗಿ ಮೇಷ್ಟ್ರು ಬೇಕೇ ಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿದರು. ಕೆಲಸ ನಡೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಜ್ಞರಲ್ಲದವರು ಕಲಿತು ಮಾಡಬಹುದು ಎಂಬುದಕ್ಕೆ ನಮ್ಮದೇ ರಾಜ್ಯದ ಸಾಕ್ಷಿ ಇದು.

ನೀವು ಕೌನ್ಸೆಲರ್ ಆಗಬೇಡಿ, ಗಮನಿಸುವವರಾಗಿ. ಫಾರ್ಮ್ ಪಕ್ಕಕ್ಕಿಟ್ಟು ಹಾಜರಿ ಪುಸ್ತಕ ತೆಗೆಯಿರಿ. ಮೊದಲಿಂದಲೂ ಚಕ್ಕರ್ ಹೊಡೆಯುವವನನ್ನು ಹುಡುಕುವುದಲ್ಲ, ಆಗಸ್ಟ್‌ವರೆಗೆ ದಿನಾ ಬಂದು ಸೆಪ್ಟೆಂಬರಿನಿಂದ ಬಾರದವನನ್ನು. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಸರಿದವಳನ್ನು. ಇಂಟರ್ನಲ್ಸ್‌ನಲ್ಲಿ ಖಾಲಿ ಹಾಳೆ ಕೊಟ್ಟವನನ್ನು. ಸ್ಟಾಫ್‌ರೂಮಿಗೆ ಕರೆಸಬೇಡಿ, ಅಲ್ಲಿ ಆರು ಜನ ಕಿವಿ ನಿಮಿರಿಸಿರುತ್ತಾರೆ. ಕಾರಿಡಾರಿನಲ್ಲಿ ಜೊತೆಗೆ ನಡೆಯುತ್ತಾ ‘ಒಂದೆರಡು ವಾರದಿಂದ ನೀನು ಮೊದಲಿನ ಹಾಗಿಲ್ಲ ಅನ್ನಿಸ್ತು. ಹೇಗಿದ್ದೀಯಾ?’ ಎಂದರೆ ಸಾಕು. ಆಮೇಲೆ ಸುಮ್ಮನಿರಿ. ಕನ್ನಡ ಮೇಷ್ಟ್ರಿಗೆ ಅದು ಕಷ್ಟ ಎಂದು ಬಲ್ಲೆ. ಅವನು ಹೇಳಿದ್ದಕ್ಕೆ ನಿಮ್ಮ ಕಾಲದ ಕಷ್ಟ, ಬೀದಿದೀಪದ ಓದು, ಮೈಲಿಗಟ್ಟಲೆ ನಡಿಗೆ ಸೇರಿಸಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಹೋಗಿ ಪರಿಚಯ ಮಾಡಿಕೊಳ್ಳಿ. ‘ನಾಳೆ ನಾನೂ ಬರ್ತೀನಿ, ಅವರು ನನಗೆ ಗೊತ್ತು’ ಎಂದು ಹೇಳುವ ಮೇಷ್ಟ್ರಿದ್ದರೆ ಹುಡುಗ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾನೆ.

ಪ್ರಾಂಶುಪಾಲರ ಮೇಜಿನ ಮೇಲೆ ಇಡಲು ನಿಮಗೊಂದು ಕಾಗದವೂ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆಲ್ಲ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಕನಿಷ್ಠ ಒಬ್ಬ ತರಬೇತಾದ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು, ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲು, ತರಗತಿಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು, ಅಂಕದ ಮೇಲೆ ಮಕ್ಕಳನ್ನು ಬ್ಯಾಚ್ ಬ್ಯಾಚಾಗಿ ಬೇರ್ಪಡಿಸಬಾರದು ಎಂದಿದೆ. ಹುದ್ದೆ ಮಂಜೂರಾಗಲು ಹೊತ್ತು ಹಿಡಿಯಬಹುದು, 14416 ಎಂದು ಬೋರ್ಡಿನ ಮೇಲೆ ಬರೆಯಲು ಒಂದು ಸೀಮೆಸುಣ್ಣ ಸಾಕು. ವರ್ಷಕ್ಕೊಮ್ಮೆ ಮೋಟಿವೇಷನಲ್ ಸ್ಪೀಕರ್ ಕರೆಸಿ ಚಪ್ಪಾಳೆ ಹೊಡೆಸುವ ದುಡ್ಡಿನಲ್ಲಿ ಈ ತರಬೇತಿಯನ್ನು ಮಾಡಿಸಬಹುದು. ಖಿನ್ನತೆಯಲ್ಲಿರುವ ಹುಡುಗ ಆ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು, ಎಲ್ಲರಲ್ಲೂ ಇರುವ ಛಲ ತನ್ನೊಬ್ಬನಲ್ಲೇ ಇಲ್ಲ ಎಂದುಕೊಂಡು ಎದ್ದು ಹೋಗುತ್ತಾನೆ.

ಎರಡು ಸಲ ಕೌನ್ಸೆಲಿಂಗ್‌ಗೆ ಹೋದೆ. ಗಂಟೆಯಲ್ಲಿ ಮುಕ್ಕಾಲು ಪಾಲು ಅವರೇ ಮಾತಾಡಿದರು, ಪಾಸಿಟಿವ್ ಆಗಿ ಯೋಚಿಸು, ಧ್ಯಾನ ಮಾಡು ಎಂದರು. ಇನ್ನು ಹೋಗುವ ಮನಸ್ಸಿಲ್ಲ. — ಕಲಬುರಗಿಯಿಂದ

ಅವರ ಬಳಿ ಹೋಗಬೇಡಿ, ಇನ್ನೊಬ್ಬರ ಬಳಿ ಹೋಗಿ. ಕೌನ್ಸೆಲರ್ ಎಂಬ ಬೋರ್ಡನ್ನು ನಮ್ಮಲ್ಲಿ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಸರಿಯಾದ ಚಿಕಿತ್ಸೆಯಲ್ಲಿ ಹೆಚ್ಚು ಮಾತಾಡುವವರು ನೀವು. ವಾರದಿಂದ ವಾರಕ್ಕೆ ಮನೆಗೆಲಸ ಇರುತ್ತದೆ, ಹನ್ನೆರಡರಿಂದ ಹದಿನಾರು ಭೇಟಿಯ ಅಂದಾಜೂ ಇರುತ್ತದೆ. ಸೌಮ್ಯ ಖಿನ್ನತೆಗೆ ಇಂಥ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು, ತೀವ್ರವಾಗಿದ್ದರೆ ಮಾತ್ರೆಯೂ ಬೇಕು. ಇಷ್ಟು ಹೇಳಿ ಧ್ಯಾನವನ್ನು ಬೈಯಲಾರೆ. ಏಳಲು ಶಕ್ತಿ ಬಂದ ಮೇಲೆ ಮಾಡಿ. ಓದುವ ಹಂಬಲ ಮರಳಿದಾಗ ಎಂ. ಶಿವರಾಂ ಅವರ ‘ಮನಮಂಥನ’ ಹುಡುಕಿ ನೋಡಿ. ಕೊರವಂಜಿ ಪತ್ರಿಕೆ ಕಟ್ಟಿ ‘ರಾಶಿ’ ಎಂಬ ಹೆಸರಿನಲ್ಲಿ ನಾಡನ್ನು ನಗಿಸಿದ ಅವರು ವೈದ್ಯರೂ ಆಗಿದ್ದರು. ಮನಸ್ಸಿನ ಕಾಯಿಲೆಗಳ ಕುರಿತ ಆ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಚಿಕಿತ್ಸೆ ತೆಗೆದುಕೊಂಡರೆ ದಾಖಲೆಯಲ್ಲಿ ಉಳಿಯುತ್ತದೆಯೇ? ಕ್ಯಾಂಪಸ್ ಸೆಲೆಕ್ಷನ್‌ಗೆ ತೊಂದರೆಯೇ?

ಆಸ್ಪತ್ರೆಯ ಕಡತದಲ್ಲಿ ಉಳಿಯುತ್ತದೆ, ಅಲ್ಲಿಂದ ಕಾಲೇಜಿಗೋ ಕಂಪನಿಗೋ ತಾನಾಗಿ ಹೋಗುವುದಿಲ್ಲ. ಮೇಲೆ ಹೇಳಿದ 2017ರ ಕಾಯ್ದೆಯೇ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದಿದೆ. ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಇಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ನಾವು ಬಾಯಿ ಬಿಡುವಂತಿಲ್ಲ. ಆರೋಗ್ಯ ವಿಮೆಯವರು ಮನೋರೋಗವನ್ನು ಬೇರೆ ಕಾಯಿಲೆಗಳಂತೆಯೇ ನೋಡಬೇಕು ಎಂದೂ ಅದರಲ್ಲಿದೆ. ಸೇನೆಯಂಥ ಕೆಲವು ಕೆಲಸಗಳಿಗೆ ಮಾತ್ರ ವೈದ್ಯಕೀಯ ತಪಾಸಣೆ ಬಿಗಿ. ಕಾಲೇಜಿಗೆ ಸರ್ಟಿಫಿಕೇಟ್ ಬೇಕಾದಾಗ ರೋಗದ ಹೆಸರು ಬರೆಯದೆ ‘ಇಂಥ ದಿನದಿಂದ ಇಂಥ ದಿನದವರೆಗೆ ಚಿಕಿತ್ಸೆಯಲ್ಲಿದ್ದರು, ವಿಶ್ರಾಂತಿ ಅಗತ್ಯ’ ಎಂದಷ್ಟೇ ಬರೆದುಕೊಡಿ ಎಂದು ನಿಮ್ಮ ವೈದ್ಯರನ್ನು ಕೇಳಿ. ನನ್ನ ಬಳಿ ಬಂದವರಿಗೆ ನಾನು ಹಾಗೆಯೇ ಬರೆದುಕೊಡುತ್ತೇನೆ.